ಗಿಡ ಬಾಡಿದರೆ ಮೊದಲು ಬಗೆದು ನೋಡಿ: ಹಿತ್ತಲ ಕೈತೋಟದ ಮೊದಲ ವರ್ಷಕ್ಕೊಂದು ದೋಷ ನಿವಾರಣೆ

ಜೂನ್ ಎರಡನೇ ವಾರ, ಮಿರಗದ ಮಳೆ ಒಂದು ಹದ ಬಿದ್ದ ಮೇಲೆ ನಮ್ಮ ಹಿತ್ತಲಲ್ಲಿ ಮೊದಲ ಸಲ ಬೀಜ ಹಾಕಿದೆ. ಹುಬ್ಬಳ್ಳಿ ಹೊರಗಿನ ಲೇಔಟ್. ಮನೆಯ ಹಿಂದೆ, ಉತ್ತರಕ್ಕೆ, 20 ಅಡಿ ಉದ್ದ 12 ಅಡಿ ಅಗಲದ ಜಾಗ. ಅಪ್ಪಟ ಎರೆಮಣ್ಣು, ಅಂದರೆ ಕಪ್ಪು ಮಣ್ಣು. ಟೊಮೆಟೊ, ಮೆಣಸಿನಕಾಯಿ, ಬದನೆ, ಬೆಂಡೆ, ಚವಳಿ, ಹೀರೆ, ಸವತಿ, ಜೊತೆಗೆ ಮೆಂತ್ಯ, ರಾಜಗಿರಿ, ಕೊತ್ತಂಬರಿ. ಡಿಸೆಂಬರ್ ಹೊತ್ತಿಗೆ ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲದಕ್ಕೂ ಏನಾದರೊಂದು ಕಾಯಿಲೆ ಬಂದು ಹೋಗಿತ್ತು. ಪ್ರತಿಸಲ ಏನು ಕಾಣಿಸಿತು, ನಾನು ಏನು ಅಂದುಕೊಂಡೆ, ಕೊನೆಗೆ ಅದು ಏನಾಗಿತ್ತು ಅಂತ ಒಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಈಗ ತಿರುವಿ ಹಾಕಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಕಾಯಿಲೆ ಕಾಣಿಸಿದ್ದು ಎಲೆಯಲ್ಲಿ, ಆದರೆ ಅರ್ಧಕ್ಕಿಂತ ಜಾಸ್ತಿ ಸಲ ಅದರ ಮೂಲ ಇದ್ದದ್ದು ನಾನು ನೀರು ಹಾಕುವ ರೀತಿಯಲ್ಲಿ.

ನಮ್ಮ ಓಣಿಗೆ ನಳದ ನೀರು ಬರುವುದು ಐದಾರು ದಿನಕ್ಕೊಮ್ಮೆ. ನಳ ಬಂದ ದಿನ ಪಾತ್ರೆ, ಡ್ರಮ್, ಟ್ಯಾಂಕ್ ಎಲ್ಲ ತುಂಬಿಸಿ, ಉಳಿದ ನೀರನ್ನು ಪೈಪ್ ಹಚ್ಚಿ ಮಡಿಗೆ ಬಿಟ್ಟುಬಿಡುತ್ತಿದ್ದೆ. ಮಡಿ ಕೆರೆಯಂತೆ ತುಂಬಿ ನಿಲ್ಲುತ್ತಿತ್ತು. ಆಮೇಲೆ ಮುಂದಿನ ನಳದ ತನಕ ಒಂದು ಹನಿಯೂ ಇಲ್ಲ. ಅಂದರೆ ನನ್ನ ತೋಟ ನಡೆಯುತ್ತಿದ್ದದ್ದು ನಳದ ಲೆಕ್ಕದ ಮೇಲೆ, ಮಣ್ಣಿನ ಲೆಕ್ಕದ ಮೇಲಲ್ಲ. ನಿಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿದ್ದರೆ ಕೆಳಗಿನದನ್ನು ಓದುವಾಗ ಇದು ನೆನಪಿರಲಿ.

ಔಷಧಿ ಅಂಗಡಿಗೆ ಹೋಗುವ ಮೊದಲು

ಜುಲೈ ಕೊನೆಗೆ ಮೆಣಸಿನ ಗಿಡಗಳು ಜೋಲು ಬಿದ್ದವು. ನೀರು ಸಾಲುತ್ತಿಲ್ಲ ಅಂತ ಕೊಡ ತಂದು ಹಾಕುತ್ತಿದ್ದೆ. ಪಕ್ಕದ ಮನೆಯ ಕಾಕಾ ಕಾಂಪೌಂಡ್ ಮೇಲಿಂದ ನೋಡುತ್ತಿದ್ದರು. ಅವರು ನವಲಗುಂದ ಕಡೆಯವರು, ವಯಸ್ಸೆಲ್ಲ ಎರೆ ಹೊಲದಲ್ಲೇ ಕಳೆದವರು.

"ತಂಗಿ, ಗಿಡಕ್ಕ ನೀರು ಕಡಿಮಿ ಆಗ್ಯದ ಅಂತ ಹೆಂಗ ಗೊತ್ತಾತು ನಿನಗ? ಬಗದು ನೋಡಿದ್ಯೇನು?"

"ಇಲ್ರೀ ಕಾಕಾರ, ಎಲಿ ಜೋತು ಬಿದ್ದಾವಲ್ರೀ."

"ಎಲಿ ಏನ್ ಹೇಳ್ತದ? ಬೇರು ನೋಡು."

ಬಂದು ತಾವೇ ಒಂದು ಗಿಡದ ಪಕ್ಕ ಕೈಯಿಂದ ಬಗೆದರು. ಮೇಲೆ ಒಂದು ಬೆರಳಿನಷ್ಟು ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅದರ ಕೆಳಗೆ ರೊಟ್ಟಿ ಹಿಟ್ಟಿಗಿಂತ ಮೆತ್ತಗಿನ, ಕೈಗೆ ಅಂಟುವ ಕೆಸರು. ಗಟಾರದಂಥ ವಾಸನೆ. ಬೇರು ಬಿಳಿ ಇರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲೇ ಉಳಿಯಿತು. ಗಿಡ ನೀರಿನಲ್ಲೇ ನಿಂತು ಉಸಿರು ಕಟ್ಟಿ ಸಾಯುತ್ತಿತ್ತು. ನಾನು ಇನ್ನೊಂದು ಕೊಡ ಹಾಕಲು ಹೊರಟಿದ್ದೆ.

ಎರೆಮಣ್ಣು ಹೀಗೇ ಮೋಸ ಮಾಡುತ್ತದೆ. ಅದರಲ್ಲಿ ಜೇಡಿಯ ಪಾಲು ಜಾಸ್ತಿ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ, ಉಬ್ಬಿದಾಗ ಕಣಗಳ ನಡುವೆ ಗಾಳಿಗೆ ಜಾಗವೇ ಇರುವುದಿಲ್ಲ. ಬೇರಿಗೆ ಗಾಳಿ ಸಿಗದಿದ್ದರೆ ಅದು ನೀರು ಎಳೆಯುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ನೀರು ಜಾಸ್ತಿಯಾದ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ಎಲೆ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ಅಂದಿನಿಂದ ಯಾವ ಗಿಡಕ್ಕೆ ಏನೇ ಆಗಲಿ, ಮೊದಲು ಐದು ನಿಮಿಷ ಹೀಗೆ ನೋಡುತ್ತೇನೆ. ಬೆಳಗ್ಗೆ ಏಳರೊಳಗೆ ಹೋಗುತ್ತೇನೆ, ಯಾಕೆಂದರೆ ಮಧ್ಯಾಹ್ನ ಎರಡಕ್ಕೆ ಸವತಿ, ಹೀರೆಯ ಎಲೆ ಜೋಲುವುದು ಬಿಸಿಲಿಗೆ, ಸಂಜೆ ತಾನೇ ಎದ್ದು ನಿಲ್ಲುತ್ತದೆ, ಅದು ರೋಗ ಅಲ್ಲ. ಬೆಳಗ್ಗೆಯೂ ಜೋಲಿಕೊಂಡಿದ್ದರೆ ಮಾತ್ರ ತೊಂದರೆ ಇದೆ ಅಂತ ಅರ್ಥ. ಆಮೇಲೆ ಬುಡದಿಂದ ಒಂದು ಗೇಣು ದೂರದಲ್ಲಿ ನಾಲ್ಕು ಬೆರಳು ಆಳ ಬಗೆದು ಒಂದು ಹಿಡಿ ಮಣ್ಣು ತೆಗೆದು ಹಿಚುಕುತ್ತೇನೆ. ಉಂಡೆ ಕಟ್ಟಿ ಹೊಳೆದರೆ ನೀರು ಜಾಸ್ತಿ. ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾದರೆ ಹದ ಸರಿಯಾಗಿದೆ. ಉಂಡೆಯೇ ಕಟ್ಟದಿದ್ದರೆ ನೀರು ಬೇಕು. ಆಮೇಲೆ ಎಲೆ ಮಗುಚಿ ಕೆಳಗಿನ ಮೈ ನೋಡುವುದು. ಹಳದಿ ಆಗಿದ್ದು ಕೆಳಗಿನ ಹಳೇ ಎಲೆಯೋ ಮೇಲಿನ ಹೊಸ ಎಲೆಯೋ ನೋಡುವುದು. ಕೊನೆಗೆ, ಒಂದೇ ಗಿಡವೋ, ಇಡೀ ಸಾಲೋ, ಬೇರೆ ಬೇರೆ ಜಾತಿಯ ಗಿಡಗಳಿಗೂ ಹೀಗೇ ಆಗಿದೆಯೋ ಅಂತ ನೋಡುವುದು. ಟೊಮೆಟೊ, ಬೆಂಡೆ, ಚವಳಿ ಮೂರಕ್ಕೂ ಒಂದೇ ದಿನ ಒಂದೇ ಥರ ಆಗಿದ್ದರೆ ಅದು ಹುಳ ಅಲ್ಲ, ಮಣ್ಣು ಅಥವಾ ನೀರು. ಹುಳಕ್ಕೂ ರೋಗಕ್ಕೂ ತನ್ನದೇ ಇಷ್ಟದ ಗಿಡ ಇರುತ್ತದೆ.

ಬೀಜ ಹುಟ್ಟಲೇ ಇಲ್ಲ

ಎಷ್ಟು ದಿನ ಕಾದಿರಿ ಅನ್ನುವುದು ಮೊದಲ ಪ್ರಶ್ನೆ. ಮೆಂತ್ಯ ಮೂರು ನಾಲ್ಕು ದಿನಕ್ಕೆ ಏಳುತ್ತದೆ, ಕೊತ್ತಂಬರಿಗೆ ಎಂಟರಿಂದ ಹನ್ನೆರಡು ದಿನ ಬೇಕು, ಅದೂ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿದರೆ. ನಾನು ಏಳನೇ ದಿನಕ್ಕೆ ಕೊತ್ತಂಬರಿ ಮಡಿ ಕೆದರಿ ಬೇರೆ ಬೀಜ ಹಾಕಿದ್ದೆ, ಕೆದರಿದಾಗ ಮೊಳಕೆ ಒಡೆದ ಹೋಳುಗಳು ಕೈಗೆ ಸಿಕ್ಕವು, ಬಹಳ ಬೇಜಾರಾಯಿತು. ಬೆಂಡೆ ಬೀಜವನ್ನು ರಾತ್ರಿ ನೆನೆಸಿಟ್ಟು ಬೆಳಗ್ಗೆ ಊರಿ.

ದಿನ ಮೀರಿದ್ದರೆ ಬೀಜದ್ದೇ ದೋಷವೋ ಮಣ್ಣಿನದೋ ತಿಳಿಯಲು ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಿ. ಐದಕ್ಕಿಂತ ಕಡಿಮೆ ಮೊಳೆತರೆ ಆ ಪೊಟ್ಟಣ ಬಿಟ್ಟುಬಿಡಿ. ಉಳ್ಳಾಗಡ್ಡಿ ಬೀಜ ಒಂದು ವರ್ಷ ದಾಟಿದರೆ ನಂಬುವಂತಿಲ್ಲ. ಬಟ್ಟೆಯಲ್ಲಿ ಚೆನ್ನಾಗಿ ಮೊಳೆತು ಮಣ್ಣಲ್ಲಿ ಮಾತ್ರ ಮೇಲೆ ಬರದಿದ್ದರೆ, ಎರೆಮಣ್ಣಿನ ಹೆಪ್ಪು ಕಾರಣ: ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲ್ಮೈ ಹಪ್ಪಳದಂತೆ ಗಟ್ಟಿಯಾಗುತ್ತದೆ, ರಾಜಗಿರಿಯಂಥ ಸಣ್ಣ ಬೀಜದ ಮೊಳಕೆಗೆ ಅದನ್ನು ಒಡೆಯುವ ಶಕ್ತಿ ಇರುವುದಿಲ್ಲ. ಬೀಜದ ಮೇಲೆ ಮಣ್ಣಿನ ಬದಲು ಜರಡಿ ಹಿಡಿದ ಹಳೇ ತಿಪ್ಪೆಗೊಬ್ಬರ ತೆಳ್ಳಗೆ ಉದುರಿಸಿದರೆ ಸಾಕು. ಬೀಜ ಹಾಕಿದ ಜಾಗದಲ್ಲಿ ಇರುವೆ ಸಾಲು ಕಂಡರೆ ಉತ್ತರ ಅಲ್ಲೇ ಇದೆ, ರಾಜಗಿರಿ ಬೀಜವನ್ನು ಅವು ಹೊತ್ತೊಯ್ಯುತ್ತವೆ.

ಹುಟ್ಟಿದ ಸಸಿ ನೆಲಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಮಗ್ಗುಲಿಗೆ ಮಲಗಿದರೆ ಅದು ಸಸಿ ಕೊಳೆ. ಒತ್ತೊತ್ತಾಗಿ ಬಿತ್ತಿ, ಸಂಜೆ ನೀರು ಹಾಕಿ, ರಾತ್ರಿಯಿಡೀ ತೇವ ಇಟ್ಟರೆ ಬರುತ್ತದೆ. ಮಲಗಿದ ಸಸಿ ಮತ್ತೆ ಏಳುವುದಿಲ್ಲ. ವಿರಳವಾಗಿ ಬಿತ್ತಿ, ಬೆಳಗ್ಗೆ ಮಾತ್ರ ನೀರು ಕೊಡಿ.

ಗಿಡ ಬಾಡುತ್ತಿದೆ

ಬಗೆದು ನೋಡಿದಿರಿ, ಕೆಸರಿದೆ. ಆಗ ನೀರು ಪೂರ್ತಿ ನಿಲ್ಲಿಸಿ, ಬುಡದ ಸುತ್ತ ಕುರ್ಚಿಗಿಯಿಂದ ಮೆಲ್ಲಗೆ ಮಣ್ಣು ಸಡಿಲ ಮಾಡಿ, ಮಡಿಯ ಬದಿಯಲ್ಲಿ ಒಂದು ಸಣ್ಣ ಕಾಲುವೆ ತೆಗೆದು ನೀರು ಹೊರಗೆ ಹೋಗುವಂತೆ ಮಾಡಿ. ನಮ್ಮ ಹನ್ನೊಂದು ಮೆಣಸಿನ ಗಿಡಗಳಲ್ಲಿ ಏಳು ಹೀಗೆ ಉಳಿದವು. ಆದರೆ ಇದು ತಾತ್ಕಾಲಿಕ. ನಿಮ್ಮ ಮಣ್ಣು ನೀರನ್ನು ಎಷ್ಟು ಬೇಗ ಬಿಡುತ್ತದೆ ಅಂತ ಒಮ್ಮೆ ಅಳೆದು ನೋಡಲೇಬೇಕು. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ, ಒಂದು ಕೋಲು ನಿಲ್ಲಿಸಿ ಗುರುತು ಹಾಕಿ, ಒಂದು ತಾಸಿಗೆ ಎಷ್ಟು ಇಳಿಯಿತು ನೋಡಿ. ಒಂದು ಇಂಚಿಗಿಂತ ಕಡಿಮೆ ಇಳಿದರೆ ಮಳೆಗಾಲದಲ್ಲಿ ನೆಲಮಟ್ಟದಲ್ಲಿ ತರಕಾರಿ ಬೆಳೆಯಬೇಡಿ. ನಮ್ಮಲ್ಲಿ ಇಳಿದದ್ದು ಕಾಲು ಇಂಚೂ ಇಲ್ಲ. ಆಗಸ್ಟ್‌ನಲ್ಲಿ ಮಡಿಗಳನ್ನೆಲ್ಲ ಹತ್ತು ಇಂಚು ಎತ್ತರಿಸಿದೆ, ತಿಪ್ಪೆಗೊಬ್ಬರ ಮತ್ತು ಶೇಂಗಾ ಹೊಟ್ಟು ಬೆರೆಸಿದೆ. ಅಲ್ಲಿಂದ ಮುಂದೆ ಬೇರು ಕೊಳೆತದ್ದು ಒಂದೇ ಗಿಡ. ಬರೀ ಮರಳು ಸುರಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಎರೆಮಣ್ಣಿಗೆ ಸ್ವಲ್ಪ ಮರಳು ಸೇರಿಸಿದರೆ ಇನ್ನೂ ಗಟ್ಟಿಯಾಗುವ ಸಾಧ್ಯತೆಯೇ ಜಾಸ್ತಿ, ಗೊಬ್ಬರ ಸೇರಿಸಿ.

ಧಾರವಾಡದಲ್ಲಿರುವ ನಮ್ಮ ಅಕ್ಕನ ಹಿತ್ತಲಲ್ಲಿ ಇದೇ ಲಕ್ಷಣಕ್ಕೆ ಅರ್ಥ ಬೇರೆ. ಅಲ್ಲಿ ಮಸಾರಿ ಮಣ್ಣು, ಕೆಂಪು. ನೀರು ಹಾಕಿದರೆ ಬೇಗ ಇಳಿದು ಹೋಗುತ್ತದೆ, ಮೂರನೇ ದಿನಕ್ಕೆ ನಾಲ್ಕು ಬೆರಳು ಬಗೆದರೂ ಪುಡಿ ಮಣ್ಣು. ಅವಳ ಗಿಡ ಬಾಡಿದರೆ ನಿಜವಾಗಿಯೂ ಬಾಯಾರಿಕೆ. ಹುಬ್ಬಳ್ಳಿ-ಧಾರವಾಡದ ನಡುವೆ 20 ಕಿಲೋಮೀಟರ್, ಅಷ್ಟರಲ್ಲೇ ಸಲಹೆ ತಲೆಕೆಳಗಾಗುತ್ತದೆ. ಅದಕ್ಕೇ ಯಾರಾದರೂ "ದಿನಾ ನೀರು ಹಾಕಿ" ಅಥವಾ "ವಾರಕ್ಕೊಮ್ಮೆ ಸಾಕು" ಅಂದರೆ ಅವರದು ಯಾವ ಮಣ್ಣು ಅಂತ ಕೇಳಿ.

ಮಣ್ಣಿನ ಹದ ಸರಿಯಾಗಿದೆ, ಬೇರೂ ಬಿಳಿ ಇದೆ, ಆದರೂ ಹಸಿರು ಹಸಿರಾಗಿಯೇ ಇದ್ದ ಟೊಮೆಟೊ ಅಥವಾ ಬದನೆ ಎರಡೇ ದಿನದಲ್ಲಿ ಕುಸಿಯಿತು ಅಂದರೆ ಸೊರಗು ರೋಗ ಇರಬಹುದು. ಇದಕ್ಕೆ ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಇದೆ. ಬುಡದ ಹತ್ತಿರ ಕಾಂಡದ ಮೂರು ಇಂಚಿನ ತುಂಡು ಕತ್ತರಿಸಿ, ತಿಳಿ ನೀರಿನ ಗಾಜಿನ ಲೋಟದಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಹಿಡಿಯಿರಿ, ಅಲುಗಾಡಿಸಬೇಡಿ. ಬ್ಯಾಕ್ಟೀರಿಯಾದ ಸೊರಗು ಆಗಿದ್ದರೆ ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನ ಎಳೆಯಂಥದ್ದು ಕೆಳಕ್ಕೆ ಇಳಿಯುತ್ತದೆ. ಅಕ್ಕನ ಮನೆಯ ಒಂದು ಟೊಮೆಟೊ ಗಿಡಕ್ಕೆ ಹೀಗೆ ಮಾಡಿದಾಗ ಇಬ್ಬರೂ ಲೋಟದ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದೆವು. ಮೊದಲು ಏನೂ ಇಲ್ಲ. ಆಮೇಲೆ ಕೂದಲಿನಷ್ಟು ಸಣ್ಣ ಬಿಳಿ ಎಳೆ, ಹೊಗೆಯಂತೆ. ಹಾಲಿನ ಎಳೆ ಬರದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ, ಅದರಲ್ಲೂ ಗಿಡದ ಒಂದು ಮಗ್ಗುಲು ಮೊದಲು ಹಳದಿಯಾಗಿದ್ದರೆ, ಅದು ಶಿಲೀಂಧ್ರದ ಸೊರಗು. ಎರಡಕ್ಕೂ ಗುಣ ಮಾಡುವ ಔಷಧಿ ಇಲ್ಲ. ಬೇರು ಸಮೇತ ಕಿತ್ತು, ಗೊಬ್ಬರದ ಗುಂಡಿಗೆ ಹಾಕದೆ ಹೊರಗೆ ವಿಲೇವಾರಿ ಮಾಡಿ. ಆ ಜಾಗದಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಮೆಂತ್ಯ, ಚವಳಿ, ಉಳ್ಳಾಗಡ್ಡಿ ಹಾಕಬಹುದು.

ಎಲೆ ಹಳದಿ

ಕೆಳಗಿನ ಹಳೇ ಎಲೆಗಳು ಒಂದೇ ಸಮನೆ ಹಳದಿಯಾಗಿ ಗಿಡ ಸಣಕಲಾಗಿದ್ದರೆ ಸಾರಜನಕ ಸಾಲುತ್ತಿಲ್ಲ. ಶೇಂಗಾ ಹಿಂಡಿ ನೆನೆಸಿದ ತಿಳಿಯನ್ನು ಹತ್ತು ಪಟ್ಟು ನೀರು ಬೆರೆಸಿ ಕೊಡಿ, ಹತ್ತು ಹನ್ನೆರಡು ದಿನಕ್ಕೆ ಹೊಸ ಎಲೆಯ ಬಣ್ಣ ಬದಲಾಗುತ್ತದೆ. ಹಸಿ ಸೆಗಣಿ ಮಾತ್ರ ಹಾಕಬೇಡಿ, ಬೇರು ಸುಡುತ್ತದೆ, ಗೊಣ್ಣೆ ಹುಳವೂ ಬರುತ್ತದೆ.

ಮೇಲಿನ ಹೊಸ ಎಲೆ ಹಳದಿ, ಆದರೆ ನರಗಳು ಮಾತ್ರ ಹಸಿರು, ಬಲೆ ಹರಡಿದಂತೆ: ಇದು ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಮಣ್ಣು ಕ್ಷಾರವಾಗಿದ್ದರೆ ಬೇರಿಗೆ ಸಿಗುವುದಿಲ್ಲ. ನಮ್ಮ ಕಡೆಯ ಎರೆಮಣ್ಣು ಮೊದಲೇ ಆ ಕಡೆ ವಾಲಿರುತ್ತದೆ, ಹೊಸ ಮನೆಯ ಹಿತ್ತಲಾದರೆ ಕೇಳುವುದೇ ಬೇಡ. ನಮ್ಮ ಹಿತ್ತಲ ಒಂದು ಮೂಲೆಯಲ್ಲಿ ಚವಳಿ ಯಾವಾಗಲೂ ಹಳದಿ. ಅಲ್ಲಿ ಒಂದು ಅಡಿ ಅಗೆದಾಗ ಗಿಲಾವು ಮಾಡಿ ಉಳಿದ ಸಿಮೆಂಟ್ ಗಡ್ಡೆಗಳು, ಸುಣ್ಣ, ಇಟ್ಟಿಗೆ ಚೂರು ಎರಡು ಬುಟ್ಟಿ ಸಿಕ್ಕಿತು. ಒಂದು ಹಿಡಿ ಒಣ ಮಣ್ಣಿನ ಮೇಲೆ ಎರಡು ಚಮಚ ವಿನೆಗರ್ ಹಾಕಿ ಕಿವಿ ಹತ್ತಿರ ಹಿಡಿಯಿರಿ. ಬುರುಗು ಬಂದು ಸೊರ್ ಅಂದರೆ ಸುಣ್ಣ ಇದೆ. ಸದ್ಯಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಆದರೆ ಸಿಮೆಂಟ್ ಗಡ್ಡೆ ತೆಗೆಯದೆ ಇದು ಮುಗಿಯುವುದಿಲ್ಲ. ಇನ್ನೊಂದು ಮಾತು: ಮಣ್ಣು ಕೆಸರಾಗಿದ್ದಾಗಲೂ ಇದೇ ಹಳದಿ ಬರುತ್ತದೆ. ಔಷಧಿ ತರುವ ಮುಂಚೆ ಬಗೆದು ನೋಡಿ.

ಬೆಂಡೆಯಲ್ಲಿ ಇದಕ್ಕೆ ತಿರುಗುಮುರುಗು: ನರಗಳೇ ಹಳದಿ, ಕಾಯಿ ಕೂಡ ಬಿಳಿಚಿ ಸಣ್ಣಗೆ. ಅದು ಹಳದಿ ನಂಜಾಣು (ವೈರಸ್) ರೋಗ, ಅದನ್ನು ಬಿಳಿ ನೊಣ ಹರಡುತ್ತದೆ. ಕಂಡ ದಿನವೇ ಕಿತ್ತುಹಾಕಿ, ಎರಡು ಗಿಡಕ್ಕೆ ಆಸೆಪಟ್ಟು ನಾನು ಇಡೀ ಸಾಲು ಕಳೆದುಕೊಂಡೆ. ಮುಂದಿನ ಸಲ ಅರ್ಕಾ ಅನಾಮಿಕದಂಥ ತಳಿ ನೋಡಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಈ ರೋಗ ತಡೆಯಲೆಂದೇ ಬೆಳೆಸಿದ್ದು. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಇದೆ, ಎಲೆ ಮುಟುರು, ಬ್ಯಾಕ್ಟೀರಿಯಾ ಸೊರಗು, ಅಂಗಮಾರಿ ಮೂರನ್ನೂ ತಾಳಿಕೊಳ್ಳುತ್ತದೆ. ಅದು ಹೈಬ್ರಿಡ್, ಬೀಜ ಎತ್ತಿಟ್ಟು ಮತ್ತೆ ಹಾಕಿದರೆ ಅದೇ ಗುಣ ಬರುವುದಿಲ್ಲ.

ಎಲೆಯ ಅಂಚು, ತುದಿ ಮಾತ್ರ ಸುಟ್ಟಂತೆ ಕಂದಾಗಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ್ದರೆ ಉಪ್ಪು. ಬೋರ್‌ವೆಲ್‌ನ ಸವಳು ನೀರು ಒಂದು ಕಾರಣ. ನೀರು ಶುದ್ಧ ಮಾಡುವ ಮಶಿನ್‌ನ ಪೈಪಿನಿಂದ ಹೊರಗೆ ಬರುವ ನೀರು ಹಾಳಾಗಬಾರದು ಅಂತ ತುಂಬಾ ಮನೆಗಳಲ್ಲಿ ಗಿಡಕ್ಕೆ ಹಾಕುತ್ತಾರೆ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ, ನೆಲ ಒರೆಸಲು ಬಳಸಿ. ವಾಷಿಂಗ್ ಮಶಿನ್ ನೀರಿನ ಸೋಡಿಯಂ ಎರೆಮಣ್ಣನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಅದೂ ಬೇಡ. ಒಂದು ದೊಡ್ಡ ಮಳೆ ಬಂದು, ನೀರು ಇಳಿದು ಹೊರಗೆ ಹೋಗಲು ದಾರಿ ಇದ್ದರೆ, ಈ ಉಪ್ಪು ತೊಳೆದು ಹೋಗುತ್ತದೆ.

ಮೆಣಸಿನ ಎಲೆ ಮುದುಡಿದೆ

ಎಲ್ಲವನ್ನೂ ಮುಟುರು ರೋಗ ಅಂತ ಒಂದೇ ಹೆಸರಿನಿಂದ ಕರೆಯುತ್ತೇವೆ, ಆದರೆ ಕಾರಣ ಮೂರು, ಉಪಾಯವೂ ಮೂರು. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್, ಅಂದರೆ ರಸ ಹೀರುವ ಸಣ್ಣ ಹುಳ. ಎಲೆ ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿ ಇಲಿ ಬಾಲದಂತಾಗಿದ್ದರೆ ಮೈಟ್ ನುಸಿ. ಎಲೆಗಳು ಸಣ್ಣಗಾಗಿ ಒಂದೇ ಕಡೆ ಗುಚ್ಛ ಕಟ್ಟಿ ಗಿಡ ಕುಳ್ಳಾಗಿದ್ದರೆ ನಂಜಾಣು. ಬಿಳಿ ಹಾಳೆ ಹಿಡಿದು ಅದರ ಮೇಲೆ ಕುಡಿಯನ್ನು ನಾಲ್ಕು ಸಲ ತಟ್ಟಿ. ಕಸಕಸೆಗಿಂತ ಸಣ್ಣ, ಉದ್ದನೆಯ ತಿಳಿಹಳದಿ ಇಲ್ಲವೇ ಕಂದು ಗೆರೆಗಳು ಓಡಾಡಿದರೆ ಥ್ರಿಪ್ಸ್ ಅನ್ನುವುದು ಖಾತ್ರಿ. ಮೈಟ್ ಬರಿಗಣ್ಣಿಗೆ ಕಾಣುವುದಿಲ್ಲ, ಅದನ್ನು ಎಲೆಯ ಆಕಾರದಿಂದಲೇ ಹಿಡಿಯಬೇಕು.

ಥ್ರಿಪ್ಸ್‌ಗೆ ಬೇವಿನ ಬೀಜದ ಕಷಾಯ: 50 ಗ್ರಾಂ ಬೀಜದ ತಿರುಳು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಸಿ, ಬೆಳಗ್ಗೆ ಹಿಂಡಿ ಒಂದು ಲೀಟರ್ ಮಾಡಿ ಸೋಸಿ, ಚೂರು ಸಾಬೂನು ಬೆರೆಸಿ ಸಂಜೆ ಎಲೆಯ ಕೆಳಗೂ ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ಮೈಟ್‌ಗೆ ಇದು ಅಷ್ಟಾಗಿ ನಾಟುವುದಿಲ್ಲ, ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಬೇಕು. ಬಿಸಿಲಿನಲ್ಲಿ, ಅಥವಾ ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಸವತಿ, ಹೀರೆ ಬಳ್ಳಿಗೆ ತಾಗಿಸಬೇಡಿ. ನಂಜಾಣು ಬಂದ ಗಿಡವನ್ನು ಕೀಳುವುದೊಂದೇ ದಾರಿ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನೆಲದಲ್ಲಿ ಕೂತು ಮನೆಗೆ ಬೇಕಾದ ನಾಲ್ಕು ಮೆಣಸಿನಕಾಯಿ ಬರಲಿಲ್ಲ ಅಂದರೆ ಮನಸ್ಸಿಗೆ ಹತ್ತುತ್ತದೆ, ಆದರೆ ಇಟ್ಟುಕೊಂಡರೆ ಪಕ್ಕದ ಗಿಡವೂ ಹೋಗುತ್ತದೆ.

ಹೂ ಬಂತು, ಕಾಯಿ ನಿಲ್ಲಲಿಲ್ಲ

ಹೀರೆ ಬಳ್ಳಿಯ ತುಂಬ ಹೂ, ಒಂದೂ ಕಾಯಿ ಇಲ್ಲ. ಮೊದಲ ಎರಡು ವಾರ ಬರುವುದು ಹೆಚ್ಚಾಗಿ ಗಂಡು ಹೂ, ಉದುರುವುದು ಸಹಜ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಸಣ್ಣ ಕಾಯಿ ಇರುತ್ತದೆ. ಆ ಸಣ್ಣ ಕಾಯಿ ಹಳದಿಯಾಗಿ ಒಣಗಿ ಬಿದ್ದರೆ ಪರಾಗ ಸಿಕ್ಕಿಲ್ಲ ಅಂತ ಅರ್ಥ. ನಾನು ದಿನಾ ಬೆಳಗ್ಗೆ ಬ್ರಷ್ ಹಿಡಿದು ಹೋಗುತ್ತಿದ್ದೆ, ಏನೂ ಆಗಲಿಲ್ಲ. ಹೀರೆ ಹೂ ಅರಳುವುದು ಸಂಜೆ! ಸವತಿ, ಹಾಗಲ, ಕುಂಬಳ ಬೆಳಗ್ಗೆ ಅರಳುತ್ತವೆ. ಹೀರೆ ಮತ್ತು ಸೋರೆ ಹೊತ್ತು ಇಳಿದ ಮೇಲೆ. ಒಂದು ಸಂಜೆ ಆರೂವರೆಗೆ ಹೋಗಿ ಗಂಡು ಹೂ ಕಿತ್ತು, ದಳ ಬಿಡಿಸಿ, ಐದು ಹೆಣ್ಣು ಹೂವಿಗೆ ಮುಟ್ಟಿಸಿದೆ. ನಾಲ್ಕು ನಿಂತವು. ಮೂರನೇ ದಿನ ಆ ಸಣ್ಣ ಕಾಯಿ ತಲೆ ಕೆಳಗೆ ಮಾಡಿ ದಪ್ಪಗಾಗುವುದನ್ನು ನೋಡಲು ಮನೆಮಂದಿಯೆಲ್ಲ ಹಿತ್ತಲಿಗೆ ಬಂದರು.

ಕಾಯಿ ಸ್ವಲ್ಪ ಬೆಳೆದು ಸೊಟ್ಟಗಾಗಿ, ಸೂಜಿ ಚುಚ್ಚಿದ ಕಡೆ ಅಂಟು ಸೋರಿ ಕೊಳೆತರೆ ಹಣ್ಣಿನ ನೊಣ. ಕಾಯಿ ಬೆರಳುದ್ದ ಇರುವಾಗಲೇ ಹಾಳೆಯ ಚೀಲ ಕಟ್ಟಿ. ಬಿದ್ದ ಕಾಯಿಯನ್ನು ಅಲ್ಲೇ ಬಿಡಬೇಡಿ, ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ.

ಟೊಮೆಟೊ ಹೂ ಉದುರುವುದಕ್ಕೆ ಬೇಸಿಗೆಯಲ್ಲಿ ಉಷ್ಣವೇ ಕಾರಣ, 35 ಡಿಗ್ರಿ ದಾಟಿದರೆ ಪರಾಗ ಕೆಲಸ ಮಾಡುವುದಿಲ್ಲ. ಏಪ್ರಿಲ್‌ನಲ್ಲಿ ಹುಬ್ಬಳ್ಳಿ, ಗದಗದಲ್ಲಿ ಅದು ದಿನನಿತ್ಯದ ಮಾತು.

ಟೊಮೆಟೊ ತಳ ಕಪ್ಪು, ಬದನೆಯಲ್ಲಿ ಹುಳ

ಟೊಮೆಟೊ ಕಾಯಿಯ ತಳದಲ್ಲಿ ಚರ್ಮದಂತೆ ಒಣಗಿದ ಕಪ್ಪು ಕಲೆ. ಇದು ರೋಗ ಅಲ್ಲ, ಅಂಟುವುದೂ ಇಲ್ಲ. ಕಾಯಿಗೆ ಸುಣ್ಣದಂಶ ತಲುಪಿಲ್ಲ ಅಷ್ಟೇ. ಹಾಗಂತ ಸುಣ್ಣ, ಮೊಟ್ಟೆ ಸಿಪ್ಪೆ ಹಾಕಬೇಡಿ, ಎರೆಮಣ್ಣಲ್ಲಿ ಸುಣ್ಣದಂಶಕ್ಕೆ ಬರ ಇಲ್ಲ. ಅದನ್ನು ಕಾಯಿವರೆಗೆ ಹೊತ್ತೊಯ್ಯುವುದು ನೀರು, ಆ ನೀರು ಒಂದು ದಿನ ಹೊಳೆ, ಐದು ದಿನ ಬರಗಾಲ ಅಂತಾದರೆ ತಲುಪುವುದಿಲ್ಲ. ಹಣ್ಣು ಬಿರುಕು ಬಿಡುವುದಕ್ಕೂ ಇದೇ ಕಾರಣ. ನನ್ನ ಡೈರಿಯಲ್ಲಿ ಕಪ್ಪು ತಳ ಕಂಡ ದಿನಗಳನ್ನೂ ನಳ ಬಂದ ದಿನಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಇದು ಹೊಳೆದದ್ದು.

ಆಮೇಲೆ ಮಾಡಿದ್ದು ಇಷ್ಟು. ನಳ ಬಂದ ದಿನ ನೀರನ್ನು ಮಡಿಗೆ ಬಿಡುವುದನ್ನು ನಿಲ್ಲಿಸಿ 200 ಲೀಟರ್‌ನ ಡ್ರಮ್‌ನಲ್ಲಿ ಹಿಡಿದಿಟ್ಟೆ, ಸೊಳ್ಳೆ ಬರದಂತೆ ಬಟ್ಟೆ ಕಟ್ಟಿದೆ. ಎರಡು ದಿನಕ್ಕೊಮ್ಮೆ ಬಗೆದು ನೋಡಿ ಬೇಕಾದ ಗಿಡಕ್ಕೆ ಮಾತ್ರ ಎರಡು ತಂಬಿಗೆ. ಬುಡಕ್ಕೆಲ್ಲ ಜೋಳದ ಕಣಿಕೆ ಕತ್ತರಿಸಿ ಮೂರು ಇಂಚು ಹಾಸಿದೆ. ನಾಲ್ಕು ಟೊಮೆಟೊ ಗಿಡಗಳ ನಡುವೆ ಬಾಯಿ ಮಾತ್ರ ಕಾಣುವಂತೆ ಒಂದು ಮಣ್ಣಿನ ಗಡಿಗೆ ಹೂತು ನೀರು ತುಂಬಿ ಮುಚ್ಚಳ ಮುಚ್ಚಿದೆ, ಅದು ತಾನಾಗಿಯೇ ಸ್ವಲ್ಪ ಸ್ವಲ್ಪ ಒಸರುತ್ತದೆ. ಅಕ್ಟೋಬರ್‌ನಲ್ಲಿ ಬಂದ ಹಣ್ಣುಗಳಲ್ಲಿ ಕಪ್ಪು ತಳ ಹೆಚ್ಚುಕಡಿಮೆ ನಿಂತೇ ಹೋಯಿತು. ಕಣಿಕೆ ಹಾಸಿದ ಮೇಲೆ ಮಳೆ ಹನಿಗೆ ಮಣ್ಣು ಎಲೆಗೆ ಸಿಡಿಯುವುದೂ ನಿಂತಿತು, ಕೆಳಗಿನ ಎಲೆಗಳಲ್ಲಿ ಉಂಗುರ ಉಂಗುರವಾಗಿ ಬರುತ್ತಿದ್ದ ಅಂಗಮಾರಿ ಚುಕ್ಕೆಯೂ ಕಡಿಮೆಯಾಯಿತು.

ಬದನೆಯದು ಬೇರೆ ಕಥೆ. ಗಿಡ ಚೆನ್ನಾಗಿದೆ, ಒಂದು ಕುಡಿ ಮಾತ್ರ ಜೋತು ಬಿದ್ದಿದೆ. ಇಲ್ಲಿ ನೀರಿನ ತಪ್ಪಿಲ್ಲ. ಆ ಕುಡಿಯನ್ನು ಸೀಳಿ ನೋಡಿ, ಒಳಗೆ ನಸುಗೆಂಪು ಹುಳ ಇರುತ್ತದೆ: ಕುಡಿ ಮತ್ತು ಕಾಯಿ ಕೊರಕ. ಜೋತ ಭಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ ಸುಟ್ಟುಹಾಕಿ. ಇದನ್ನು ವಾರಕ್ಕೆರಡು ಸಲ ಬಿಡದೆ ಮಾಡಿದರೆ ಕಾಯಿಗೆ ಹೋಗುವ ಹುಳ ಕಡಿಮೆಯಾಗುತ್ತದೆ. ನಾನು ಕುಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಣೇಶನ ಹಬ್ಬದ ಮರುದಿನ ಎಣ್ಣೆಗಾಯಿ ಮಾಡೋಣ ಅಂತ ಹನ್ನೆರಡು ಎಳೇ ಬದನೆ ಕಿತ್ತು ನಾಲ್ಕು ಸೀಳು ಮಾಡುತ್ತಾ ಹೋದರೆ ಒಂಬತ್ತರೊಳಗೆ ಹುಳ, ಹಿಕ್ಕೆ. ಮಸಾಲೆ ಅರೆದಿಟ್ಟಾಗಿತ್ತು, ಅವ್ವ ಮೂರೇ ಕಾಯಿಗೆ ತುಂಬಿದಳು.

ಗಿಡ ಉದ್ದ ಆಗುತ್ತಿದೆ, ದಪ್ಪ ಆಗುತ್ತಿಲ್ಲ

ಚಿತ್ತಿ ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಹಾಕಿದ ಟೊಮೆಟೊ ಸಸಿ ಹೀಗಾಯಿತು. ಮಣ್ಣು, ನೀರು, ಗೊಬ್ಬರ ಎಲ್ಲ ಸರಿ ಇದೆ, ಬೇರೂ ಬಿಳಿ ಇದೆ. ತಿಂಗಳು ಕಳೆದರೂ ಹೂ ಇಲ್ಲ. ಕಾರಣ ನೆರಳು. ಹಿತ್ತಲು ಮನೆಯ ಉತ್ತರಕ್ಕಿದ್ದರೆ ಇದನ್ನು ಮೊದಲೇ ಲೆಕ್ಕ ಹಾಕಬೇಕು. ನಮ್ಮ ಊರಿನ ಅಕ್ಷಾಂಶದಲ್ಲಿ ಜೂನ್‌ನ ಮಧ್ಯಾಹ್ನ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, 20 ಅಡಿ ಎತ್ತರದ ಮನೆಯ ನೆರಳು ದಕ್ಷಿಣಕ್ಕೆ ಮೂರು ಅಡಿ ಬಿದ್ದರೆ ಹೆಚ್ಚು. ಸೆಪ್ಟೆಂಬರ್ ಕೊನೆಗೆ ಅದು ಉತ್ತರಕ್ಕೆ ಆರೂವರೆ ಅಡಿ, ಅಕ್ಟೋಬರ್ ಕೊನೆಗೆ ಹನ್ನೊಂದು, ಡಿಸೆಂಬರ್‌ನಲ್ಲಿ 16 ಅಡಿ. ನನ್ನ ಜಾಗದ ಅಗಲವೇ 12 ಅಡಿ! ಜೂನ್‌ನಲ್ಲಿ ಬೀಜ ಹಾಕುವಾಗ ಬಿಸಿಲು ಧಾರಾಳವಾಗಿತ್ತು, ನವೆಂಬರ್‌ನ ಸಸಿಗೆ ಹೂ ಬರಬೇಕಾದ ಹೊತ್ತಿಗೆ ಪೂರ್ತಿ ನೆರಳು. ಟೊಮೆಟೊ, ಬದನೆ, ಮೆಣಸಿಗೆ ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕೇ ಬೇಕು. ಈಗ ಚಳಿಗಾಲಕ್ಕೆ ಅವು ಮಾಳಿಗೆ ಮೇಲೆ, ಕುಂಡದಲ್ಲಿ. ಕೆಳಗೆ ಮೆಂತ್ಯ, ಪಾಲಕ, ಕೊತ್ತಂಬರಿ. ನಾಲ್ಕು ತಾಸು ಬಿಸಿಲಿನಲ್ಲೂ ಪಲ್ಲೆ ಚೆನ್ನಾಗಿಯೇ ಬರುತ್ತದೆ.

ಯಾರನ್ನಾದರೂ ಕೇಳಲು ಹೋಗುವಾಗ

ಇಷ್ಟು ನೋಡಿದ ಮೇಲೂ ಗೊತ್ತಾಗದಿದ್ದರೆ ಕೇಳುವುದೇ ಒಳ್ಳೆಯದು. ನಮ್ಮ ಪುಣ್ಯಕ್ಕೆ 1986ರಿಂದ ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಅಲ್ಲಿ ಮಣ್ಣು ಪರೀಕ್ಷೆಯೂ ಆಗುತ್ತದೆ, ಕೃಷಿ ಮೇಳದಲ್ಲಿ ಬೀಜವೂ ಸಲಹೆಯೂ ಎರಡೂ ಸಿಗುತ್ತವೆ. ಮಣ್ಣು ಕೊಡುವುದಾದರೆ ಐದಾರು ಕಡೆ ಆರು ಇಂಚು ಆಳದ ತನಕ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕಟ್ಟಿ. ಗೊಬ್ಬರ ಹಾಕಿದ ಹೊಸದರಲ್ಲಿ ತೆಗೆಯಬೇಡಿ.

ಗಿಡ ತೋರಿಸುವುದಾದರೆ ಒಂದು ಎಲೆ ಕಿತ್ತು ಒಯ್ಯಬೇಡಿ, ಮೊಬೈಲ್ ಫೋಟೊ ಒಂದೇ ಸಾಲದು. ಸಲಿಕೆಯಿಂದ ಬೇರು, ಬುಡದ ಮಣ್ಣು ಸಮೇತ ಒಂದು ಗಿಡ ಎತ್ತಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಕೊನೆಯ ಸಲ ಯಾವಾಗ, ಎಷ್ಟು ನೀರು ಹಾಕಿದಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿರಿ, ಅದನ್ನೇ ಮೊದಲು ಕೇಳುತ್ತಾರೆ.